ಎಲ್ಲರೂ ದೂರುದಾರರಲ್ಲ

ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿದ ಹುಡುಗನಿಗೆ ಮಾಲೀಕ ಅಡ್ವಾನ್ಸ್ ಹಿಂದಿರುಗಿಸುವುದಿಲ್ಲ. ಜೆ.ಪಿ. ನಗರದ ಅಂಗಡಿಯವನ ಕೈಗೆ ಬಂದ ಚೆಕ್ಕು ಬೌನ್ಸ್ ಆಗುತ್ತದೆ. ಬನಶಂಕರಿಯಲ್ಲಿ ಬೆಳಗಿನ ವಾಕಿಂಗ್ ಹೊರಟ ಮಹಿಳೆಯ ಸರ ಕಿತ್ತುಕೊಂಡು ಹೋಗುತ್ತಾರೆ. ದಿನವೂ ನಡೆಯುವ ಸಂಗತಿಗಳು. ಈ ಮೂವರೂ ನಮ್ಮ ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ‘ದೂರುದಾರರು’. ಕಾನೂನಿನ ಕಣ್ಣಿಗೆ ಮಾತ್ರ ಮೊದಲನೆಯವನು ವಾದಿ, ಎರಡನೆಯವನು ಫಿರ್ಯಾದಿ, ಮೂರನೆಯಾಕೆ ಹೆಚ್ಚೆಂದರೆ ಒಂದನೇ ಸಾಕ್ಷಿ. ಒಂದೇ ಪದವನ್ನು ಎಲ್ಲರಿಗೂ ಅಂಟಿಸುವ ಈ ರೂಢಿ ಸೋಮಾರಿತನದ್ದು, ಓದುಗನಿಗೆ ನಷ್ಟ ತರುವಂಥದ್ದು.

ವಾದಿ ಎಂದರೆ ಸಿವಿಲ್ ದಾವೆ ಹೂಡಿದವನು, ಅಷ್ಟೆ. ಅವನ ಪಕ್ಷ ಸರಿಯೋ ತಪ್ಪೋ ಎಂಬುದನ್ನು ಆ ಹೆಸರು ಹೇಳುವುದಿಲ್ಲ. ಆದರೆ ಭಾರವೆಲ್ಲ ಅವನ ತಲೆಯ ಮೇಲೆ. ದಾವಾ ಪತ್ರ ಸಿದ್ಧಪಡಿಸಬೇಕು, 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯಂತೆ ಫೀಸು ಕಟ್ಟಬೇಕು, ಸಾಕ್ಷ್ಯ ತಾನೇ ಒದಗಿಸಬೇಕು. ಅಡ್ವಾನ್ಸ್ ಹಣದಂಥ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ‘ದೂರು ಕೊಟ್ಟಿದ್ದಾನೆ’ ಎಂದು ಓದಿದ ಇನ್ನೊಬ್ಬ ಬಾಡಿಗೆದಾರ ಪೊಲೀಸ್ ಠಾಣೆಗೆ ಅಲೆಯುತ್ತಾನೆ. ಅಲ್ಲಿ ‘ಇದು ಸಿವಿಲ್ ಮ್ಯಾಟರ್’ ಎಂದು ವಾಪಸ್ ಕಳಿಸುತ್ತಾರೆ. ಹಾಗೆ ಅಲೆಯುತ್ತಲೇ ಕಾಲಮಿತಿ ಕರಗುತ್ತದೆ.

ಸರ ಕಳೆದುಕೊಂಡಾಕೆಯದು ಇನ್ನೊಂದು ಕತೆ. ಆಕೆ ಠಾಣೆಗೆ ಕೊಟ್ಟದ್ದು ಕಾನೂನಿನ ಪ್ರಕಾರ ಮಾಹಿತಿ. ಮೊಕದ್ದಮೆ ನಡೆಸುವುದು ಸರ್ಕಾರ. ತೀರ್ಪಿನ ಮೊದಲ ಪುಟದಲ್ಲಿ ಫಿರ್ಯಾದಿಯ ಜಾಗದಲ್ಲಿ ಕಾಣುವುದು ‘ಕರ್ನಾಟಕ ರಾಜ್ಯ, ಇಂಥ ಪೊಲೀಸ್ ಠಾಣೆಯ ಮೂಲಕ’ ಎಂಬ ಒಕ್ಕಣೆ. ತನ್ನ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿರುವುದನ್ನು ಕಂಡು ಬೆಪ್ಪಾದವರು ಬೇಕಾದಷ್ಟು ಮಂದಿ. ‘ಕೇಸ್ ವಾಪಸ್ ತಗೊಂಡ್ಬಿಡ್ತೀನಿ’ ಎಂಬ ಮಾತು ಜಯನಗರದ ದರ್ಶಿನಿಗಳಲ್ಲೂ ಕೇಳುತ್ತದೆ. ವಾದಿ ತನ್ನ ದಾವೆಯನ್ನು ಹಿಂಪಡೆಯಬಹುದು. ಚೆಕ್ ಬೌನ್ಸ್ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ನೇರವಾಗಿ ಹೋದ ಫಿರ್ಯಾದಿ ರಾಜಿಯಾಗಬಹುದು. ಠಾಣೆಗೆ ಮಾಹಿತಿ ಕೊಟ್ಟವರಿಗೆ ಆ ಸ್ವಾತಂತ್ರ್ಯವಿಲ್ಲ. ರಾಜಿಗೆ ಅವಕಾಶವಿರುವ ಅಪರಾಧವಾಗಿರಬೇಕು, ಇಲ್ಲವೇ ಯಾರಾದರೂ ರದ್ದತಿ ಕೋರಿ ಹೈಕೋರ್ಟಿಗೆ ಹೋಗಬೇಕು.

‘ದೂರುದಾರ’ನಿಗೂ ಸ್ವಂತ ಮನೆಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಆತ ನಿಜಕ್ಕೂ ದೂರುದಾರ. ತಾನು ವಾಸಿಸುವ ಜಿಲ್ಲೆಯ ಆಯೋಗಕ್ಕೇ ದೂರು ಸಲ್ಲಿಸಬಹುದು.

ಪತ್ರಕರ್ತರು ‘ವಾದಿ’ಯಿಂದ ದೂರ ಸರಿಯುವುದಕ್ಕೆ ಕಾರಣ ಊಹಿಸಬಹುದು. ಸಮಾಜವಾದಿ, ಪ್ರತ್ಯೇಕತಾವಾದಿಗಳ ಸಾಲಿನಲ್ಲಿ ಬರೀ ‘ವಾದಿ’ ಬೋಳುಬೋಳಾಗಿ ಕಾಣುತ್ತದೆ. ವಾದ ಮಾಡುವವರು ವಕೀಲರಲ್ಲವೇ ಎಂಬ ಗೊಂದಲ ಬೇರೆ. ಆದರೆ ಪದಗಳ ಬಡತನ ನಮಗೆ ಯಾವತ್ತೂ ಇರಲಿಲ್ಲ. ಚಾಲುಕ್ಯರ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಮಿತಾಕ್ಷರ ಬರೆದಾಗಲೇ ಅರ್ಥಿ, ಪ್ರತ್ಯರ್ಥಿಗಳಿದ್ದರು. ಅರ್ಥಿಯ ಲಿಖಿತ ಹೇಳಿಕೆಗೆ ಅಲ್ಲಿನ ಹೆಸರು ‘ಭಾಷೆ’. ಆಮೇಲೆ ಅರಬ್ಬಿ, ಪಾರಸಿಯಿಂದ ದಾವೆ, ಫಿರ್ಯಾದಿ ಬಂದು ಇಲ್ಲಿಯವೇ ಆದವು.

ಹಾಗೆಂದು ಕೋರ್ಟಿನ ಕನ್ನಡಕ್ಕೆ ಪೂರ್ತಿ ಅಂಕ ಕೊಡಲಾರೆ. ಅಲ್ಲಿ ಪದಗಳು ಖಚಿತ, ವಾಕ್ಯಗಳು ದುರ್ಗಮ. ಸದರಿ ವಾದಿಯು ಸದರಿ ಸ್ವತ್ತಿನ ಬಗ್ಗೆ ಸದರಿ ದಿನಾಂಕದಂದು ಎಂದು ಹೊರಟರೆ ಕ್ರಿಯಾಪದ ಸಿಗುವುದು ಮುಂದಿನ ಪುಟದಲ್ಲಿ. ಪತ್ರಿಕೆಗಳದು ತದ್ವಿರುದ್ಧ: ವಾಕ್ಯ ಸಲೀಸು, ಪದ ಸಡಿಲ. ಆರಿಸಿಕೋ ಎಂದರೆ ನಾನು ಕೋರ್ಟಿನ ಪದವನ್ನೇ ಆರಿಸುತ್ತೇನೆ. ವಾಕ್ಯವನ್ನು ಉಪಸಂಪಾದಕರು ತಿದ್ದಬಹುದು. ತಪ್ಪು ಪದ ಓದುಗನನ್ನು ತಪ್ಪು ಬಾಗಿಲಿಗೆ ಕಳಿಸಿದ ಮೇಲೆ ತಿದ್ದಿ ಪ್ರಯೋಜನವಿಲ್ಲ.

ಜಯನಗರವೇ ಒಂದು ಒಳ್ಳೆಯ ಉದಾಹರಣೆ ಕೊಟ್ಟಿದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಬಿಜೆಪಿಯ ಸಿ.ಕೆ. ರಾಮಮೂರ್ತಿ ಕೇವಲ 16 ಮತಗಳಿಂದ ಗೆದ್ದರು. ಸೋತ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಹೈಕೋರ್ಟ್ ಮೆಟ್ಟಿಲೇರಿದರು. ಇಲ್ಲಿ ಅವರು ದೂರುದಾರರೂ ಅಲ್ಲ, ವಾದಿಯೂ ಅಲ್ಲ. 1951ರ ಜನಪ್ರತಿನಿಧಿ ಕಾಯ್ದೆಯಡಿ ಚುನಾವಣಾ ತಕರಾರು ಅರ್ಜಿ ಹಾಕಿದ ಅರ್ಜಿದಾರರು. ವಿಚಾರಣೆ ಹೆಚ್ಚುಕಡಿಮೆ ಸಿವಿಲ್ ದಾವೆಯಂತೆಯೇ ನಡೆಯುತ್ತದೆ. ವ್ಯತ್ಯಾಸ ಇರುವುದು ಇನ್ನೊಂದೆಡೆ: ಇಂಥ ಅರ್ಜಿಯನ್ನು ಹೈಕೋರ್ಟಿನ ಅನುಮತಿ ಇಲ್ಲದೆ ಹಿಂಪಡೆಯುವಂತಿಲ್ಲ. ಏಕೆಂದರೆ ಆ ಜಗಳ ಇಬ್ಬರು ಅಭ್ಯರ್ಥಿಗಳದ್ದಷ್ಟೇ ಅಲ್ಲ, ಕ್ಷೇತ್ರದ ಮತದಾರರದ್ದೂ ಹೌದು. ‘ಅರ್ಜಿದಾರ’ ಎಂಬ ಪದದ ಜೊತೆಗೇ ಈ ಷರತ್ತೂ ಬರುತ್ತದೆ.

ಕೋರ್ಟ್ ಸುದ್ದಿ ಬರೆಯುವ ಗೆಳೆಯರಲ್ಲಿ ಒಂದು ಮನವಿ: ಆದೇಶದ ಮೊದಲ ಪುಟದಲ್ಲಿ ಪಕ್ಷಕಾರರ ಹೆಸರಿನ ಮುಂದೆ ಏನಿದೆಯೋ ಅದನ್ನೇ ಬರೆಯಿರಿ.