ಪಾಸ್‌ವರ್ಡ್ ಬದಲಾಯಿತು, ಬ್ಯಾಡ್ಜ್ ಉಳಿಯಿತು

ಉಚ್ಚಿಲದ ನಮ್ಮ ಅತ್ತಿಗೆ ಒಣಮೀನು, ಉಪ್ಪಿನಕಾಯಿ ಮಾರುವುದು ಒಂದು ಸಾಮಾಜಿಕ ಜಾಲತಾಣದ ಖಾತೆಯಲ್ಲಿ. ಕೊಳ್ಳುವವರಲ್ಲಿ ಅರ್ಧ ಮಂದಿ ಮುಂಬೈ ಸೇರಿದ ಊರಿನವರೇ. ಕಳೆದ ಮಳೆಗಾಲದಲ್ಲಿ ಅವರಿಗೆಲ್ಲ ಆ ಖಾತೆಯಿಂದ "ಅರ್ಜೆಂಟ್ ಐದು ಸಾವಿರ ಬೇಕು" ಎಂದು ಮೆಸೇಜು ಹೋಯಿತು. ಅತ್ತಿಗೆ ರಾತ್ರಿಯೇ ಪಾಸ್‌ವರ್ಡ್ ಬದಲಿಸಿ ಮಲಗಿದರು. ಬೆಳಿಗ್ಗೆ ಅಂಧೇರಿಯ ಚಿಕ್ಕಮ್ಮನ ಫೋನು: ಮತ್ತೊಂದು ಮೆಸೇಜು ಬಂದಿದೆ. "ಬದಲಿಸಿದ್ದೇನಲ್ಲ ಮಾರಾಯ, ಮತ್ತೆಂತಕ್ಕೆ ಹೀಗೆ?" ಎಂದು ಅತ್ತಿಗೆ ನನ್ನ ಮುಂದೆ ಫೋನು ಹಿಡಿದರು.

ಬದಲಿಸಿದರೆ ಮುಗಿಯಿತು ಎಂಬ ಈ ನಂಬಿಕೆಯ ಬಗ್ಗೆಯೇ ನನ್ನ ತಕರಾರು. ಪಾಸ್‌ವರ್ಡ್ ಕೇಳುವುದು ಒಳಗೆ ಬರುವಾಗ ಮಾತ್ರ. ಆಮೇಲೆ ಫೋನಿಗೆ ಒಂದು ಟೋಕನ್ ಸಿಗುತ್ತದೆ. ಇಲ್ಲಿಯ ಮಹಾಲಕ್ಷ್ಮಿ ದೇವಸ್ಥಾನದ ದಸರಾದಲ್ಲಿ ಸ್ವಯಂಸೇವಕರ ಕೊರಳಲ್ಲಿ ಬ್ಯಾಡ್ಜ್ ಇದ್ದರೆ ಮತ್ತೆ ಯಾರೂ ಹೆಸರು ಕೇಳುವುದಿಲ್ಲವಲ್ಲ, ಹಾಗೆ. ಪಾಸ್‌ವರ್ಡ್ ಬದಲಿಸಿದರೂ ಆ ಟೋಕನ್ ಉಳಿದುಬಿಡಬಹುದು. 2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್‌ನಿಂದ ಕಳುವಾದದ್ದೂ ಇಂಥ ಟೋಕನ್‌ಗಳೇ, ಸುಮಾರು 3 ಕೋಟಿ ಖಾತೆಗಳದ್ದು. ಆಗ ಕಂಪನಿ ಪಾಸ್‌ವರ್ಡ್ ಬದಲಿಸಿ ಎನ್ನಲಿಲ್ಲ. ಸುಮಾರು 9 ಕೋಟಿ ಖಾತೆಗಳ ಟೋಕನ್ ರದ್ದು ಮಾಡಿ, ಎಲ್ಲರೂ ಮತ್ತೆ ಲಾಗಿನ್ ಆಗುವಂತೆ ಮಾಡಿತು.

ಅತ್ತಿಗೆಯ ಖಾತೆ ಯಾವ ಯಾವ ಸಾಧನಗಳಲ್ಲಿ ತೆರೆದಿದೆ ಎಂಬ ಪಟ್ಟಿ ಹುಡುಕಿದೆ. ಮೂರು ಸಾಲು. ಕೈಯಲ್ಲಿದ್ದ ಫೋನು, ಎಕ್ಸ್‌ಚೇಂಜಿಗೆ ಕೊಟ್ಟ ಹಳೆಯ ಫೋನು, ಯಾವುದೋ ಕಂಡರಿಯದ ಊರಿನ ಕಂಪ್ಯೂಟರು. "ಹಳೇದನ್ನು ಅಳಿಸಿಯೇ ಕೊಟ್ಟದ್ದಲ್ಲವಾ?" ಅಳಿಸಿದ್ದು ಫೋಟೋಗಳನ್ನು ಮಾತ್ರ.

ಬೇರೆ ಸಾಧನಗಳಿಂದ ಲಾಗ್ ಔಟ್ ಮಾಡುವುದನ್ನು ಜಾಲತಾಣಗಳು ಬಳಸುವವರ ಆಯ್ಕೆಗೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಗಾಬರಿಯಲ್ಲಿ ಕೈ ನಡುಗುತ್ತಿರುವಾಗ ಆ ಸಣ್ಣ ಚೌಕ ಯಾರ ಕಣ್ಣಿಗೆ ಬೀಳುತ್ತದೆ? ಪಾಸ್‌ವರ್ಡ್ ಬದಲಾದೊಡನೆ ಗೂಗಲ್ ಹೆಚ್ಚಿನ ಸಾಧನಗಳಿಂದ ತಾನಾಗಿಯೇ ಹೊರಹಾಕುತ್ತದೆ. ಅದು ಸರಿಯಾದ ಕ್ರಮ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಖಾತೆಗೆ ಜೋಡಿಸಿದ ಇಮೇಲ್ ಅತ್ತಿಗೆಯದಲ್ಲ! ವರ್ಷಗಳ ಹಿಂದೆ ಮೊಬೈಲ್ ಅಂಗಡಿಯ ಹುಡುಗ ಖಾತೆ ತೆರೆದುಕೊಡುವಾಗ ತನ್ನದೇ ಇಮೇಲ್ ಹಾಕಿದ್ದ. ಅವನ ಮನಸ್ಸಿನಲ್ಲಿ ಉಪಕಾರವೇ ಇದ್ದಿರಬೇಕು, ಅವನ ಮೇಲೆ ನನಗೆ ಸಂಶಯವಿಲ್ಲ. ಆದರೆ ಈ ರೂಢಿ ನಮ್ಮ ಕಡೆ ಎಷ್ಟು ಸಹಜವಾಗಿದೆಯೆಂದರೆ ಯಾರಿಗೂ ಅದು ತಪ್ಪೆನಿಸುವುದಿಲ್ಲ. ಹೊಸ ಪಾಸ್‌ವರ್ಡ್ ಎಷ್ಟೇ ಗಟ್ಟಿಯಿರಲಿ, 'ಮರೆತಿದ್ದೇನೆ' ಎಂದು ಒತ್ತಿದರೆ ಕೋಡ್ ಹೋಗುವುದು ಆ ಇಮೇಲಿಗೆ. ಮೊಬೈಲ್ ನಂಬರಿನದೂ ಇದೇ ಕತೆ. ಗಲ್ಫಿಗೆ ಹೋದವರು ರೀಚಾರ್ಜ್ ಬಿಟ್ಟ ನಂಬರು ರದ್ದಾದರೆ, 90 ದಿನ ಕಳೆದ ಮೇಲೆ ಬೇರೆಯವರ ಪಾಲಾಗಬಹುದು. ಖಾತೆಯಲ್ಲಿ ಹಳೆಯ ನಂಬರು ಹಾಗೆಯೇ ಕೂತಿರುತ್ತದೆ.

ಹಾಗಾಗಿ ಮೊದಲು ಇಮೇಲ್, ನಂಬರು ಸ್ವಂತದ್ದು ಮಾಡಿ, ಗುರುತಿಲ್ಲದ ಸಾಧನಗಳನ್ನು ತೆಗೆದು, ಇನ್ನೊಮ್ಮೆ ಪಾಸ್‌ವರ್ಡ್ ಬದಲಿಸಿ, ಕೊನೆಗೆ ಎರಡು ಹಂತದ ಪರಿಶೀಲನೆ ಹಾಕಿದೆವು. ಅದನ್ನೂ ಎಸ್‌ಎಂಎಸ್ ಬಿಟ್ಟು ಅಥೆಂಟಿಕೇಟರ್ ಆ್ಯಪ್‌ನಲ್ಲಿ; ಸಿಮ್ ಕೈತಪ್ಪಿದರೂ ಕೋಡ್ ಕೈತಪ್ಪುವುದಿಲ್ಲ. ಫೋನೇ ಕಳೆದರೆ ಎಂದು ಕೊಟ್ಟ ಬ್ಯಾಕಪ್ ಕೋಡ್‌ಗಳನ್ನು ಅತ್ತಿಗೆ ಮೀನಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡರು.

ಆಮೇಲೆ ಅಂಧೇರಿಗೆ ಮೆಸೇಜು ಮಾಡಿದರೆ ಚಿಕ್ಕಮ್ಮ ನಂಬಲಿಲ್ಲ. ವಿಡಿಯೋ ಕಾಲ್ ಮಾಡು, ಮುಖ ನೋಡಬೇಕು ಎಂದರು.