ಮೊದಲು ಹಿಟ್ಟು ನಾದಿ, ಆಮೇಲೆ ಊರು ನೋಡಿ

ಇಟಲಿ ಪ್ರವಾಸದಲ್ಲಿ ಒಂದು ಅಡುಗೆ ತರಗತಿಗೂ ಹೋಗಬೇಕೆನ್ನುವವರಿಗೆ ನನ್ನ ಸಲಹೆ ಇಷ್ಟೇ. ಮೂರು ಗಂಟೆಯಲ್ಲಿ ಪಿಜ್ಜಾ, ಪಾಸ್ತಾ, ತಿರಮಿಸು ಮೂರನ್ನೂ ಕಲಿಸುತ್ತೇವೆ ಎನ್ನುವ ಕಡೆ ದುಡ್ಡು ಕಟ್ಟಬೇಡಿ. ಒಂದೇ ತಿನಿಸನ್ನು ಹಿಡಿದು ಕಲಿಸುವ ತರಗತಿ ಹುಡುಕಿ, ಆ ತಿನಿಸು ಆ ಊರಿನದೇ ಆಗಿರಲಿ. ಅಳತೆಗಳನ್ನು ಯಾವ ಪುಸ್ತಕವಾದರೂ ಹೇಳುತ್ತದೆ. ಹಿಟ್ಟಿನ ಹದ ಮಾತ್ರ ಬಲ್ಲವರ ಪಕ್ಕದಲ್ಲಿ ನಿಂತು, ನಮ್ಮ ಕೈಯಲ್ಲೇ ನಾದಿ ತಿಳಿಯಬೇಕಾದದ್ದು.

ಅದಕ್ಕೆ ನನ್ನ ಆಯ್ಕೆ ಬೊಲೊನ್ಯಾ. ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ತೆಳ್ಳಗೆ ಲಟ್ಟಿಸಿದ ಹಾಳೆಗೆ ಅಲ್ಲಿ ಸ್ಫೋಲ್ಯಾ ಎನ್ನುತ್ತಾರೆ. ಅದನ್ನು ಲಟ್ಟಿಸುವುದೇ ಕಸುಬಾದ ಹೆಂಗಸರು ಸ್ಫೋಲ್ಯೀನೆಗಳು. ಅಳತೆ ಸರಳ: 100 ಗ್ರಾಂ ನುಣ್ಣನೆ ಹಿಟ್ಟಿಗೆ ಒಂದು ಮೊಟ್ಟೆ. ಮರದ ಹಲಗೆಯ ಮೇಲೆ ಹಿಟ್ಟು ಸುರಿದು, ನಡುವೆ ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ, ಫೋರ್ಕಿನಿಂದ ಅಂಚಿನ ಹಿಟ್ಟನ್ನು ಸ್ವಲ್ಪಸ್ವಲ್ಪವಾಗಿ ಒಳಗೆ ಎಳೆದುಕೊಳ್ಳಬೇಕು. ಆಮೇಲೆ ಅಂಗೈಯ ಬುಡದಿಂದ ಒತ್ತಿ, ಮಡಿಸಿ, ತಿರುಗಿಸಿ, ಮತ್ತೆ ಒತ್ತಬೇಕು. ಮೊದಲು ಹರಕುಹರಕಾಗಿದ್ದ ಮುದ್ದೆ ಹತ್ತು ಹದಿನೈದು ನಿಮಿಷದಲ್ಲಿ ನಯವಾಗುತ್ತದೆ. ಬೆರಳಿನಿಂದ ಅದುಮಿದರೆ ಗುಳಿ ಮೆಲ್ಲಗೆ ಮೇಲೇಳುತ್ತದೆ. ಆಗ ಅರ್ಧ ಗಂಟೆ ಮುಚ್ಚಿಡಬೇಕು. ನಾದುವಾಗ ಬಿಗಿದುಕೊಂಡ ಗ್ಲುಟೆನ್ ಅಷ್ಟರಲ್ಲಿ ಸಡಿಲವಾಗುತ್ತದೆ. ಅವಸರ ಮಾಡಿದರೆ ಹಾಳೆ ಲಟ್ಟಿಸಿದಷ್ಟೂ ಹಿಂದಕ್ಕೆ ಸೆಳೆಯುತ್ತದೆ.

ಲಟ್ಟಿಸುವುದರಲ್ಲಿ ನಿಜವಾದ ವಿದ್ಯೆಯಿದೆ. ಅಲ್ಲಿನ ಲಟ್ಟಣಿಗೆ ನಮ್ಮದಕ್ಕಿಂತ ಎಷ್ಟೋ ಉದ್ದ, ಹೆಚ್ಚುಕಡಿಮೆ ಒಂದು ಮೀಟರ್. ಹಾಳೆಯನ್ನು ಅದಕ್ಕೆ ಸುತ್ತಿ, ಎರಡೂ ಕೈಗಳನ್ನು ನಡುವಿನಿಂದ ತುದಿಗೆ ಜಾರಿಸುತ್ತ ಉರುಳಿಸಬೇಕು. ಭಾರ ಹಾಕಿ ಒತ್ತಿದರೆ ಕೆಟ್ಟಿತು, ಎಳೆದು ಹಿಗ್ಗಿಸಬೇಕು. ಹಾಳೆಯನ್ನು ಬೆಳಕಿಗೆ ಹಿಡಿದರೆ ಅದರ ಮೂಲಕ ಊರಾಚೆ ಗುಡ್ಡದ ಮೇಲಿನ ಸಾನ್ ಲೂಕಾ ದೇಗುಲ ಕಾಣಬೇಕು ಎಂಬುದು ಬೊಲೊನ್ಯಾದವರ ಮಾತು. ಮರದ ಮೇಲೆ ಮರದಿಂದ ಲಟ್ಟಿಸಿದ ಹಾಳೆಯ ಮೈ ತುಸು ಒರಟು. ಮಾಂಸದ ಮೇಲೋಗರವಾದ ರಗೂ ಅಂಟಿಕೊಳ್ಳುವುದು ಆ ಒರಟಿಗೇ. ಉಕ್ಕಿನ ಯಂತ್ರದಿಂದ ಬಂದ ನುಣುಪು ಹಾಳೆಗೆ ಆ ಹಿಡಿತವಿಲ್ಲ. ಆದ್ದರಿಂದ ತರಗತಿ ಗೊತ್ತುಮಾಡುವ ಮೊದಲು ಒಂದು ಪ್ರಶ್ನೆ ಕೇಳಿ: ಲಟ್ಟಣಿಗೆಯೋ, ಯಂತ್ರವೋ? ಇನ್ನೊಂದು: ಪ್ರತಿಯೊಬ್ಬರಿಗೂ ಬೇರೆ ಹಲಗೆ ಕೊಡುತ್ತೀರಾ?

ತುಸು ಆರಿದ ಹಾಳೆಯನ್ನು ಸುರುಳಿ ಸುತ್ತಿ ಕತ್ತರಿಸಿದರೆ ತಾಲ್ಯತೆಲ್ಲೆ ಎಂಬ ಪಟ್ಟಿಯಂಥ ಎಳೆಗಳು ಸಿದ್ಧ. ಬೆಂದ ಎಳೆಯ ಅಗಲ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿದ್ದಾರೆ. ರಗೂ ಮಾಡುವ ವಿಧಾನವನ್ನು 1982ರಲ್ಲಿ. ಎಳೆಯ ಅಗಲಕ್ಕೂ ದಾಖಲೆ ಮಾಡಿಡುವ ಊರಿನ ಮೇಲೆ ನನಗೆ ಅಪಾರ ಗೌರವ. ಮೇಲೋಗರವನ್ನು ಎಳೆ ಎಷ್ಟು ಹೊರಬಲ್ಲದು ಎಂಬುದು ಆ ಅಗಲವನ್ನೇ ಅವಲಂಬಿಸಿದೆ.

ಇನ್ನೂ ಆಳಕ್ಕೆ ಇಳಿಯಬೇಕೆನ್ನುವವರು ಅದೇ ಸೀಮೆಯ ಫೋರ್ಲಿಂಪೊಪೊಲಿಗೆ ಹೋಗಬಹುದು. ಇಟಲಿಯ ಮನೆಯಡುಗೆಯನ್ನು ಕಲೆಹಾಕಿ 1891ರಲ್ಲಿ ಸ್ವಂತ ಖರ್ಚಿನಿಂದ ಪುಸ್ತಕ ಅಚ್ಚು ಹಾಕಿಸಿದ ಪೆಲ್ಲೆಗ್ರೀನೊ ಅರ್ತೂಸಿ ಹುಟ್ಟಿದ ಊರದು. ಅವರ ಹೆಸರಿನ ಕಾಸಾ ಅರ್ತೂಸಿಯಲ್ಲಿ ಹಿಟ್ಟು ನಾದುವುದನ್ನು ಕಲಿಸುವ ಸ್ವಯಂಸೇವಕಿಯರನ್ನು ಮಾರಿಯೆತ್ತೆ ಎಂದು ಕರೆಯುತ್ತಾರೆ. ಅದು ಅರ್ತೂಸಿ ಮನೆಯಲ್ಲಿ ಅಡುಗೆ ಮಾಡುತ್ತಿದ್ದ ಮಾರಿಯೆತ್ತಾಳ ನೆನಪಿಗೆ.

ನಮ್ಮ ಓದುಗರಲ್ಲಿ ಸಸ್ಯಾಹಾರಿಗಳು ಬಹಳ. ಮೊಟ್ಟೆ ತಿನ್ನುವವರು ರಗೂ ಬದಲಿಗೆ ಬೆಣ್ಣೆ ಮತ್ತು ಸೇಜ್ ಎಲೆ ಕೇಳಿ, ಸೊಗಸಾಗಿರುತ್ತದೆ. ಆದರೆ ಮೇಲೆ ತುರಿದು ಹಾಕುವ ಪಾರ್ಮಿಜಾನೊ ರೆಜ್ಜಾನೊ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆಂಬುದು ಗೊತ್ತಿರಲಿ. ಮೊಟ್ಟೆಯೂ ಬೇಡವೆಂದರೆ ದಕ್ಷಿಣದ ಬಾರಿ ಪಟ್ಟಣಕ್ಕೆ ಇಳಿಯಿರಿ. ಹಳೇ ಪೇಟೆಯ ಓಣಿಯಲ್ಲಿ ಹೆಂಗಸರು ಮನೆ ಬಾಗಿಲಲ್ಲೇ ಕುಳಿತು ಒರೆಕಿಯೆತ್ತೆ ಮಾಡುತ್ತಾರೆ. ಅದಕ್ಕೆ ಬೇಕಾದದ್ದು ಡ್ಯೂರಮ್ ಗೋಧಿಯ ಸಣ್ಣ ರವೆ ಮತ್ತು ನೀರು, ಅಷ್ಟೇ. ಹಿಟ್ಟಿನ ಚೂರನ್ನು ಚಾಕುವಿನಿಂದ ಎಳೆದು ಹೆಬ್ಬೆರಳ ಮೇಲೆ ಮಗುಚಿದರೆ ಪುಟ್ಟ ಕಿವಿಯ ಆಕಾರ ಬರುತ್ತದೆ. ನಮ್ಮ ಬನ್ಸಿ ರವೆಯೂ ಡ್ಯೂರಮ್ ಗೋಧಿಯದೇ. ಉತ್ತರ ಕರ್ನಾಟಕದಲ್ಲಿ ಶಾವಿಗೆ ಹೊಸೆದು, ಗವಲಿ ಮಾಡಿ ಬೆಳೆದ ಬೆರಳುಗಳಿಗೆ ಈ ಕೆಲಸ ಬೇಗ ಒಲಿಯುತ್ತದೆ.

ಕೊನೆಯ ಮಾತು ದಿನದ ಬಗ್ಗೆ. ಹೆಚ್ಚಿನವರು ಅಡುಗೆ ತರಗತಿಯನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳುತ್ತಾರೆ. ಮೊದಲ ದಿನಗಳಲ್ಲೇ ಮುಗಿಸಿಬಿಡಿ. ಒಮ್ಮೆ ಕೈಯಾರೆ ಹಾಳೆ ಲಟ್ಟಿಸಿದವರಿಗೆ ಮುಂದಿನ ಪ್ರತಿ ಊಟದಲ್ಲೂ ಎಳೆ ಯಂತ್ರದ್ದೋ ಕೈಯದ್ದೋ, ಹಿಟ್ಟಿಗೆ ವಿಶ್ರಾಂತಿ ಸಿಕ್ಕಿತ್ತೋ ಇಲ್ಲವೋ ಎಂಬುದು ನಾಲಿಗೆಗೆ ತಿಳಿಯುತ್ತದೆ. ಉಳಿದ ರಜೆಯೆಲ್ಲ ಆಗ ಹೆಚ್ಚು ರುಚಿಸುತ್ತದೆ.