ಮೂರನೆಯ ಗುಂಡಿ

ಚಿಕೋರಿಯ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ನೂರು ಗ್ರಾಂ ಮಿಶ್ರಣದಲ್ಲಿ 49 ಗ್ರಾಂವರೆಗೆ ಚಿಕೋರಿ ಬೆರೆಸಲು ಕಾನೂನಿನ ಒಪ್ಪಿಗೆಯೇ ಇರುವಾಗ ಆ ಜಗಳ ಒಂದು ವಾರ ತಡವಾದರೆ ಕೆಡುವುದೇನಿಲ್ಲ. ಅಷ್ಟರಲ್ಲಿ ಹಿರೇಕೆರೂರಿನ ಓದುಗರೊಬ್ಬರ ಫೋನು ಬಂತು.

“ಸರ, ಮನಿಗೊಂದು ಮಷೀನ್ ತರಬೇಕಂತ ಮಾಡೇನ್ರಿ. ಅದರಾಗ ಕಾಫಿನೂ ಬರಬೇಕು, ಬಿಸಿನೀರೂ ಬರಬೇಕು. ಯಾವುದು ತರ್ಲಿ?”

ಮನೆಯಲ್ಲಿ ಯಾರು ಏನು ಕುಡಿಯುತ್ತಾರೆಂದು ಕೇಳಿದೆ. ಅವರಿಗೂ ಅಣ್ಣನಿಗೂ ಚಾ. ಹೆಂಡತಿಯ ತವರು ಶಿಕಾರಿಪುರ, ಆಕೆಗೆ ಕಾಫಿ ಇಲ್ಲದೆ ಬೆಳಗಾಗುವುದಿಲ್ಲ. ತಾಯಿಗೆ ನಸುಕಿನಲ್ಲಿ ಎದ್ದ ಕೂಡಲೇ ಒಂದು ತಂಬಿಗೆ ಬಿಸಿನೀರು. ಇದು ಅವರೊಬ್ಬರ ಮನೆಯ ಕತೆಯಲ್ಲ. ನಮ್ಮ ನಾಲ್ಕು ತಾಲ್ಲೂಕಿನ ನಾಲಿಗೆಯ ಮೇಲೆ ಹಳೆಯದೊಂದು ಗಡಿ ಇನ್ನೂ ಅಳಿಸಿಲ್ಲ. 1956ರವರೆಗೆ ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಮುಂಬೈ ಆಡಳಿತದ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರನ್ನು 1948ರವರೆಗೆ ನವಾಬರು ಆಳಿದರು. ಹಿರೇಕೆರೂರು ದಾಟಿ ಶಿಕಾರಿಪುರಕ್ಕೆ ಕಾಲಿಟ್ಟರೆ ಮೈಸೂರು ಸಂಸ್ಥಾನ. ಈ ಕಡೆ ಚಾ, ಆ ಕಡೆ ಕಾಫಿ. ಮದುವೆ ಸಂಬಂಧಗಳು ಮಾತ್ರ ಗಡಿ ಕೇಳಲಿಲ್ಲ, ಅದರಿಂದಾಗಿ ಒಂದೇ ಅಡುಗೆಮನೆಯಲ್ಲಿ ಎರಡು ಪಾತ್ರೆ.

ಪೇಟೆಯಲ್ಲಿ ‘ಕಾಫಿ ಮತ್ತು ಬಿಸಿನೀರು’ ಎಂದು ಮಾರುವ ಯಂತ್ರಗಳಲ್ಲಿ ನಮ್ಮ ಕಡೆ ಎಲ್ಲರೂ ಕಂಡಿರುವುದು ಕಲ್ಯಾಣ ಮಂಟಪದ ಮೂಲೆಯಲ್ಲಿ ನಿಂತಿರುವ ಮೂರು ಗುಂಡಿಯ ಪೆಟ್ಟಿಗೆ: ಕಾಫಿ, ಟೀ, ಬಿಸಿನೀರು. ಈ ಅಂಕಣದ ಹಳೆಯ ಓದುಗರಿಗೆ ನನಗೂ ಅದಕ್ಕೂ ಇರುವ ವೈರ ಗೊತ್ತು. ಹಾಲಿನ ಪುಡಿ, ಸಕ್ಕರೆ, ಕರಗುವ ಕಾಫಿ ಮೂರನ್ನೂ ಕಲಸಿದ ಪುಡಿಯ ಮೇಲೆ ನೀರು ಬೀಳುತ್ತದೆ, ಒಳಗೊಂದು ಪುಟ್ಟ ಚಕ್ರ ತಿರುಗಿ ನೊರೆ ಎಬ್ಬಿಸುತ್ತದೆ. ನೊರೆ ಕಂಡು ಮರುಳಾಗುವವರ ಪಂಗಡವೊಂದು ಹುಟ್ಟಿಕೊಂಡು ಹದಿನೈದು ವರ್ಷವಾಯಿತು. “ಸಿರ್ಸಿ ಮದುವಿಯೊಳಗ ಕುಡದ ಕಾಫಿಗಿಂತ ಇದs ಛಲೋ ಇತ್ತು” ಎಂದು ಒಬ್ಬರು ನನ್ನೆದುರೇ ಹೇಳಿದ್ದರು. ಅವತ್ತು ಊಟದ ಮನೆಯಲ್ಲಿ ಗದ್ದಲವಿತ್ತು, ಸುಮ್ಮನಿದ್ದೆ. ಉತ್ತರ ಇವತ್ತು ಕೊಡುತ್ತೇನೆ: ಆ ಪೆಟ್ಟಿಗೆಯಲ್ಲಿ ನಂಬಬಹುದಾದ ಗುಂಡಿ ಒಂದೇ, ಮೂರನೆಯದು. ಎಷ್ಟೋ ಕಡೆ ಅದನ್ನೂ ನಂಬುವಂತಿಲ್ಲ. ಮೂರಕ್ಕೂ ಮೂತಿ ಒಂದೇ ಆದರೆ ನೀರಿಗೂ ಹಾಲುಪುಡಿಯ ಕಮಟು. ಕೊಳ್ಳುವವರು ಮೊದಲು ಗಮನಿಸಬೇಕಾದದ್ದು ಇದನ್ನೇ. ಬಿಸಿನೀರಿಗೆ ಬೇರೆ ದಾರಿ ಇಲ್ಲದ ಯಂತ್ರದ ಬೆಲೆ ಕೇಳುವ ಗೋಜಿಗೂ ಹೋಗಬೇಡಿ.

ಇನ್ನೊಂದು ಜಾತಿ ಹನಿ ಇಳಿಸುವ ಯಂತ್ರ. ಜರ್ಮನಿಯ ಗಾಟ್‌ಲೋಬ್ ವಿಡ್ಮನ್ 1954ರಲ್ಲಿ ಪೇಟೆಂಟ್ ಮಾಡಿಸಿದ ‘ವಿಗೋಮಾಟ್’ ಇದರ ಮೂಲಪುರುಷ. ಮಗನ ಮಾತು ಕೇಳಿ ನಾನೂ ಒಂದು ತಂದಿದ್ದೆ. ಅದರಲ್ಲಿ ಪಂಪು ಇರುವುದಿಲ್ಲ. ತಳದ ಕೊಳವೆಯಲ್ಲಿ ನೀರು ಕುದಿದಾಗ ಆವಿಯ ಗುಳ್ಳೆಗಳೇ ಅದನ್ನು ಮೇಲಕ್ಕೆ ದೂಡಿ ಪುಡಿಯ ಮೇಲೆ ಸುರಿಯುತ್ತವೆ. ಬೆಳಿಗ್ಗೆ ಚೆನ್ನಾಗಿ ನಡೆಯುತ್ತಿತ್ತು. ಬೇಸಿಗೆಯಲ್ಲಿ ಸುತ್ತಲಿನ ಹೊಲಗಳ ಪಂಪ್‌ಸೆಟ್ಟುಗಳು ಎದ್ದವೆಂದರೆ ನಮ್ಮ ಮನೆಯ ವೋಲ್ಟೇಜು 180ಕ್ಕೆ ಇಳಿಯುತ್ತಿತ್ತು. ವೋಲ್ಟೇಜು ಇಳಿದಷ್ಟೇ ಕಾವೂ ಇಳಿಯುತ್ತದೆಂದು ತಿಳಿದವರು ಮೋಸ ಹೋಗುತ್ತಾರೆ, ಅದು ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ವೋಲ್ಟಿನಲ್ಲಿ 1500 ವಾಟಿನ ಕಾಯಿಲ್ 180ರಲ್ಲಿ 920 ವಾಟಿನಷ್ಟೇ ಕೆಲಸ ಮಾಡುತ್ತದೆ. ನೀರು ಮೇಲೇರಲು ತಿಣುಕಿತು, ಪುಡಿ ನೆನೆದೇ ಕೂತಿತು, ಇಳಿದ ಡಿಕಾಕ್ಷನ್ ಬೇವಿನ ಕಷಾಯವಾಯಿತು. ಸಾಲದ್ದಕ್ಕೆ ಕೆಳಗಿನ ಬಿಸಿ ತಟ್ಟೆ ಅದನ್ನು ಮತ್ತೆ ಅರ್ಧ ಗಂಟೆ ಬೇಯಿಸಿತು. ನಾಲ್ಕು ತಿಂಗಳಲ್ಲಿ ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಕೊಳವೆಯೊಳಗೆ ಕಟ್ಟಿಕೊಂಡಿತು. ಗಡಸು ನೀರು ಕಾದರೆ ಅದರೊಳಗಿನ ಸುಣ್ಣದಂಶ ಹೊರಬಿದ್ದು ಪಾತ್ರೆಗೆ ಅಂಟುತ್ತದೆ, ಆದರೆ ಪಾತ್ರೆಯನ್ನು ಉಜ್ಜಬಹುದು, ಕೊಳವೆಯೊಳಗೆ ಕೈ ಹೋಗುವುದಿಲ್ಲ. ನಿಂಬೆಹುಳಿ ಹಾಕಿ ಎರಡು ಸಲ ತೊಳೆದೆ. ಮೂರನೆಯ ಸಲ ಅಟ್ಟಕ್ಕೆ ಏರಿಸಿದೆ.

ಕಾಫಿಯ ವಿಷಯದಲ್ಲಿ ನಾನು ಮತ್ತೆ ಮತ್ತೆ ಮರಳುವುದು ಕೌಂಟ್ ರಮ್‌ಫರ್ಡ್ 1812ರಲ್ಲಿ ಬರೆದ ಪ್ರಬಂಧಕ್ಕೆ. ಹುಟ್ಟಿದ್ದು ಅಮೆರಿಕದಲ್ಲಿ, ದೊಡ್ಡಸ್ತಿಕೆ ಪಡೆದದ್ದು ಬವೇರಿಯಾದಲ್ಲಿ. ಫಿರಂಗಿ ಕೊರೆಯುವಾಗ ಹುಟ್ಟುವ ಕಾವನ್ನು ಅಳೆದು, ಉಷ್ಣವೆಂಬುದು ಒಂದು ಪದಾರ್ಥವಲ್ಲ, ಚಲನೆ ಎಂದು ವಾದಿಸಿದ ಮನುಷ್ಯ ಮುಪ್ಪಿನಲ್ಲಿ ಕಾಫಿ ಪಾತ್ರೆಯ ಮುಂದೆ ಕೂತ. ಆತನ ವಾದ ಹೀಗೆ ಸಾಗುತ್ತದೆ. ಕಾಫಿಯ ಜೀವ ಅದರ ಪರಿಮಳದಲ್ಲಿದೆ, ಆ ಪರಿಮಳ ಹಾರಿಹೋಗುವಂಥದ್ದು. ಕುದಿಸಿದರೆ ಅದು ಗಾಳಿಪಾಲು. ಹಾಗಾಗಿ ಕುದಿಸಬಾರದು, ಕದಡಬಾರದು, ಪುಡಿಯನ್ನು ಸಮನಾಗಿ ಹರಡಿ ಒತ್ತಿ ಬಿಸಿನೀರನ್ನು ಅದರ ಮೂಲಕ ಇಳಿಯಬಿಡಬೇಕು. ಇಳಿದ ಮೇಲೂ ಕಾವು ಏರಿಳಿಯದಂತೆ ಕಾಯಬೇಕು. ಅದಕ್ಕಾಗಿ ಆತ ಮಾಡಿದ ಪಾತ್ರೆಯ ಸುತ್ತ ಬಿಸಿನೀರಿನ ಇನ್ನೊಂದು ಗೋಡೆ ಇತ್ತು. ಬೆಂಕಿ ಮುಟ್ಟುವುದು ನೀರನ್ನು, ನೀರು ಕಾಯುವುದು ಕಾಫಿಯನ್ನು. ನಮ್ಮ ಹಿತ್ತಾಳೆ ಫಿಲ್ಟರಿನ ಒತ್ತುವ ಕೊಡೆ ಮಾಡುವ ಕೆಲಸವನ್ನು ಇನ್ನೂರು ವರ್ಷದ ಹಿಂದೆ ಈತ ಪುಟಗಟ್ಟಲೆ ಸಮರ್ಥಿಸಿದ್ದಾನೆ. ಪುಡಿಯನ್ನು ಹಾಲಿಗೇ ಸುರಿದು ಕೊತಕೊತ ಕುದಿಸುವ ನಮ್ಮ ಬಂಧುಬಳಗಕ್ಕೆ ಇದನ್ನು ಓದಿ ಹೇಳಲು ನೋಡಿದ್ದೇನೆ. “ಹಂಗಾರ ಚಾ ಕುಡೀರಿ” ಅಂದರು.

ರಮ್‌ಫರ್ಡನನ್ನು ಓದುವಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಹಾನಗಲ್ಲ ಪೇಟೆಯ ಒಂದು ಹೋಟೆಲಿನ ತಾಮ್ರದ ಬಾಯ್ಲರು. ಅಪ್ಪನ ಜೊತೆ ಸಂತೆಗೆ ಹೋದಾಗ ಕಂಡದ್ದು. ಆಳೆತ್ತರದ ಹೊಟ್ಟೆ, ನಟ್ಟನಡುವೆ ಇದ್ದಿಲಿನ ಕೊಳವೆ, ಕೆಳಗೆ ಬೂದಿ ಉದುರುವ ಜಾಲರಿ, ಪಕ್ಕಕ್ಕೊಂದು ಹಿತ್ತಾಳೆ ನಲ್ಲಿ. ನೆತ್ತಿಯ ಮೇಲೆ ಡಿಕಾಕ್ಷನ್ನಿನ ಪಾತ್ರೆ ಆವಿಯ ಕಾವಿನಲ್ಲಿ ಕೂತಿರುತ್ತಿತ್ತು. ಎಂದೂ ತಣ್ಣಗಾಗುತ್ತಿರಲಿಲ್ಲ, ಎಂದೂ ಕುದಿಯುತ್ತಿರಲಿಲ್ಲ. ಬಟ್ಟೆಯ ಚೀಲದಲ್ಲಿ ಪುಡಿ, ಅದರ ಮೇಲೆ ನಲ್ಲಿಯ ನೀರು. ಅದೇ ನೀರಿನಲ್ಲಿ ಲೋಟ ಗಲಬರಿಸಿ, ಅದೇ ನೀರನ್ನು ಗಂಟಲು ಕಟ್ಟಿದ ಮುದುಕರಿಗೆ ಬಿಟ್ಟಿ ಕೊಡುತ್ತಿದ್ದರು. ಸವಣೂರು ಖಾರಾ ತಿಂದು ಬಾಯಿ ಉರಿಸಿಕೊಂಡವನೂ ಕೇಳುವುದು ಮೊದಲು ಅದನ್ನೇ. ಒಂದೇ ಬೆಂಕಿ, ಒಂದೇ ನೀರು, ಆದರೂ ಕಾಫಿಯ ದಾರಿ ಬೇರೆ, ನೀರಿನ ದಾರಿ ಬೇರೆ. ಇಂದು ಡಬ್ಬಿಯ ಮೇಲೆ ಬಣ್ಣದ ಚಿತ್ರ ಹಾಕಿ ಮಾರುವ ಜೋಡಿಯಂತ್ರ ಇದೇ ಅಲ್ಲವೇ? ಕೈಯಿಂದ ತೊಳೆಯಬಹುದಿತ್ತು, ವೋಲ್ಟೇಜಿನ ಹಂಗಿರಲಿಲ್ಲ. ಮುಂದೆ ಗ್ಯಾಸು ಬಂತು, ಹೋಟೆಲಿನವರು ಅದನ್ನು ತೂಕಕ್ಕೆ ಹಾಕಿದರು.

ಯಂತ್ರದ ವಿಷಯಕ್ಕೆ ಬರೋಣ, ಓದುಗರು ಕಾಯುತ್ತಿದ್ದಾರೆ. ನಾನು ಹೇಳಿದ್ದು ಇಷ್ಟು. ಕಾಫಿ ಮಾಡುವ ಯಂತ್ರ ಬೇಡ. ನೀರು ಕಾಯಿಸಿ ಕಾಯ್ದಿಡುವ, ಗುಂಡಿ ಒತ್ತಿದರೆ ಸುರಿಯುವ ಮೂರು ಲೀಟರಿನ ಪಾತ್ರೆ ತನ್ನಿ. ಒಳಗೆ ಸ್ಟೀಲು ಇರಲಿ, ಬಾಯಿ ಕೈ ಹೋಗುವಷ್ಟು ಅಗಲವಿರಲಿ, ಕಾವನ್ನು ಎರಡು ಮೂರು ಮಟ್ಟದಲ್ಲಿ ನಿಲ್ಲಿಸುವಂತಿರಲಿ. ತಾಯಿಯವರ ನಸುಕಿನ ನೀರಿಗೆ ಬೇಕಾದ ಕಾವೇ ಬೇರೆ, ಫಿಲ್ಟರಿಗೆ ಬೇಕಾದ್ದೇ ಬೇರೆ. ಸಮುದ್ರದಿಂದ ಐನೂರು ಆರುನೂರು ಮೀಟರು ಮೇಲಿರುವ ನಮ್ಮೂರುಗಳಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಹಿತ್ತಾಳೆ ಫಿಲ್ಟರು ತಾನೂ ಒಂದಿಷ್ಟು ಕಾವು ಹೀರುವುದರಿಂದ ಕುದಿ ಬಂದೊಡನೆ ಸುರಿದರೆ ಪುಡಿಗೆ ಸರಿಯಾದ ಹದ. ಮೂರು ಲೀಟರು ಕಾಯಲು ಕಾಲು ಯೂನಿಟ್ಟಿನಷ್ಟು ಕರೆಂಟು ಬೇಕು, ಗಾಬರಿ ಬೇಡ. ಗಾಬರಿಯಾಗಬೇಕಾದ್ದು ಪ್ಲಗ್ಗಿನ ಬಗ್ಗೆ. 1500 ವಾಟು ಎಂದರೆ ಆರೂವರೆ ಆಂಪಿಯರು, ಗೋಡೆಯ ಚಿಕ್ಕ ಸಾಕೆಟ್ಟು ಆರಕ್ಕೆ ಮಾತ್ರ. ದೊಡ್ಡ 16 ಆಂಪಿಯರಿನದಕ್ಕೇ ಹಾಕಿ. ನೀರು ಬೋರಿನದು ಬೇಡ, ಊರಿನ ಶುದ್ಧ ನೀರಿನ ಘಟಕದ ಕ್ಯಾನಿನದಾಗಲಿ. ಕಾಫಿಗೆ ಪಕ್ಕದಲ್ಲೇ ಹಿತ್ತಾಳೆ ಫಿಲ್ಟರು. ಚಾದವರಿಗೆ ಯಾವ ಯಂತ್ರವೂ ಬೇಡ, ಶುಂಠಿ ಜಜ್ಜಿ ಹಾಲಿನೊಂದಿಗೆ ಕುದಿಸುವ ನಮ್ಮ ಚಾಕ್ಕೆ ಒಲೆಯೇ ಗತಿ. ಕಾದ ನೀರಿನಿಂದ ಶುರು ಮಾಡಿದರೆ ನಾಲ್ಕು ನಿಮಿಷ ಉಳಿದೀತು, ಅಷ್ಟೇ.

ಮಾತಿನ ಭರದಲ್ಲಿ ಹಾನಗಲ್ಲದ ಬಾಯ್ಲರಿನ ಕತೆಯನ್ನೂ ಅವರಿಗೆ ಹೇಳಿದ್ದೆ. ಎರಡು ದಿನ ಬಿಟ್ಟು ಮತ್ತೆ ಫೋನು.

“ಸರ, ನಡುವ ಕೊಳವಿ, ಕೆಳಗ ಜಾಲರಿ, ಬಾಜೂಕ ನಳ ಅಂದ್ರೆಲ್ಲ. ಅಂಥಾದ್ದು ನಮ್ಮ ಬಚ್ಚಲದಾಗ ಐತ್ರಿ. ನಮ್ಮಜ್ಜನ ಕಾಲದ ಬಂಬ. ಅವ್ವ ದಿನಾ ಐದಕ್ಕ ಉರಿ ಹಾಕತಾಳ.”

“ಆ ನೀರು ಜಳಕಕ್ಕ, ಕುಡಿಯೋಕಲ್ಲ” ಎಂದೆ.

“ನೀರು ಬ್ಯಾಡ್ರಿ. ಅದರ ನೆತ್ತಿ ಮ್ಯಾಲ ಡಿಕಾಕ್ಷನ್ ಪಾತ್ರಿ ಇಡಬಹುದೇನು?”

ಹೊಗೆಯ ವಾಸನೆ ಹತ್ತೀತು ಎನ್ನಲು ಹೊರಟವನು ತಡೆದೆ. ಮುಚ್ಚಳ ಬಿಗಿಯಾಗಿದ್ದರೆ? ಇದ್ದಿಲು ಹಾಕುತ್ತಾರೋ ಕಟ್ಟಿಗೆಯೋ? ಕೊಳವೆ ನೆತ್ತಿಯಿಂದ ಎಷ್ಟು ಮೇಲಕ್ಕಿದೆ? ಭಾನುವಾರ ನಸುಕಿನ ಬಸ್ಸಿಗೆ ಹಿರೇಕೆರೂರಿಗೆ ಹೊರಟಿದ್ದೇನೆ. ಫಿಲ್ಟರು ನನ್ನದನ್ನೇ ಒಯ್ಯುತ್ತೇನೆ. ಚಿಕೋರಿ ಇನ್ನೊಂದು ವಾರ ಕಾಯಬೇಕು.